ತಮ್ಮನನ್ನು ಅರಸಿ ಹೊರಟ ಅಣ್ಣ

ರಾಮನವಮಿಯ ಚಪ್ಪರವಿರಲಿ, ಗಣೇಶನ ಪೆಂಡಾಲಿರಲಿ, ಕಛೇರಿಯ ಆರಂಭದಲ್ಲಿ ಹಂಸಧ್ವನಿಯ ‘ವಾತಾಪಿ ಗಣಪತಿಂ’ ಕೇಳಿಬಂದರೆ ಕೂತವರ ಕೈ ತನ್ನಷ್ಟಕ್ಕೆ ತೊಡೆಯ ಮೇಲೆ ತಾಳ ಹಾಕತೊಡಗುತ್ತದೆ. ಹಾಡು ಯಾರದೆಂದು ಕೇಳಿದರೆ ‘ದೀಕ್ಷಿತರದು’ ಎಂಬ ಉತ್ತರ ಎಲ್ಲರ ನಾಲಗೆಯ ತುದಿಯಲ್ಲೇ ಇದೆ. ಆದರೆ ಆ ಹತ್ತು ನಿಮಿಷ ವೇದಿಕೆಯ ಮೇಲೆ ದೀಕ್ಷಿತರ ಮನೆಯ ಮೂವರು ಇರುತ್ತಾರೆ. ಕೃತಿ ಮುತ್ತುಸ್ವಾಮಿ ದೀಕ್ಷಿತರದು. ಅದು ಮೈತಳೆದ ಹಂಸಧ್ವನಿ ರಾಗ ಅವರ ತಂದೆ ರಾಮಸ್ವಾಮಿ ದೀಕ್ಷಿತರ ಸೃಷ್ಟಿ. ಗಾಯಕರ ಪಕ್ಕದಲ್ಲಿ ಕೂತು ಸಾಲು ಸಾಲನ್ನೂ ಹಿಂಬಾಲಿಸುವ ಪಿಟೀಲು ನಮ್ಮ ಸಂಗೀತಕ್ಕೆ ಬಂದದ್ದು ಕಿರಿಯ ತಮ್ಮ ಬಾಲುಸ್ವಾಮಿ ದೀಕ್ಷಿತರ ಕೈ ಹಿಡಿದು.

ಕರ್ನಾಟಕ ಸಂಗೀತದ ತ್ರಿಮೂರ್ತಿಗಳ ಪಟ ನಮ್ಮಲ್ಲಿ ಸಂಗೀತ ಶಾಲೆಗಳ ಗೋಡೆಯ ಮೇಲೆಲ್ಲ ಇದೆ. ಪಟದಲ್ಲಿ ಮೂವರೂ ಒಂಟಿಯಾಗಿ ಕೂತಿದ್ದಾರೆ. ಅವರ ಹಿಂದೆ ಮನೆಯಿಲ್ಲ, ಅಣ್ಣತಮ್ಮಂದಿರಿಲ್ಲ. ಅಣ್ಣತಮ್ಮಂದಿರ ಮಾತು ಬಂದರೆ ನಮಗೆ ಥಟ್ಟನೆ ನೆನಪಾಗುವುದು, ತ್ಯಾಗರಾಜರ ಅಣ್ಣ ಅವರ ಪೂಜೆಯ ರಾಮನ ವಿಗ್ರಹಗಳನ್ನು ಕಾವೇರಿಗೆ ಎಸೆದನೆಂದು ಹರಿಕಥೆಗಳಲ್ಲಿ ಕೇಳಿದ ಕಥೆ. ದೀಕ್ಷಿತರ ಮನೆಯ ಕಥೆ ಇದಕ್ಕೆ ತೀರ ಬೇರೆ. ಇಲ್ಲಿ ಒಬ್ಬರು ರಾಗ ಕಟ್ಟಿದರು, ಒಬ್ಬರು ಕೃತಿ ರಚಿಸಿದರು, ಒಬ್ಬರು ಪರದೇಶದ ವಾದ್ಯ ಕಲಿತರು, ಒಬ್ಬರು ಎಲ್ಲವನ್ನೂ ಬರೆದಿಟ್ಟರು. ನಾಲ್ಕು ತಲೆಮಾರು ಹೀಗೆ ಕೈಯಿಂದ ಕೈಗೆ ದಾಟಿಸಿದ್ದರಿಂದಲೇ ದೀಕ್ಷಿತರು ಇಂದು ನಮಗೆ ಕೇಳಿಸುತ್ತಿದ್ದಾರೆ.

ತಂದೆ ಹಾಕಿದ ಅಡಿಪಾಯ

ರಾಮಸ್ವಾಮಿ ದೀಕ್ಷಿತರು (1735–1817) ಸ್ವತಃ ದೊಡ್ಡ ವಾಗ್ಗೇಯಕಾರರು. ಮಗನ ಹೆಸರು ಬೆಳೆದು ಹೆಮ್ಮರವಾದ್ದರಿಂದ ಬೇರು ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ. ನೂರೆಂಟು ರಾಗತಾಳಗಳನ್ನು ಒಂದೇ ದಾರದಲ್ಲಿ ಪೋಣಿಸಿದ ರಾಗತಾಳಮಾಲಿಕೆಯನ್ನು ಅವರು ರಚಿಸಿದ್ದರು. ಅದರಲ್ಲಿ ಈಗ ಉಳಿದಿರುವುದು 61 ರಾಗಗಳವರೆಗಿನ ಭಾಗ. ಹಂಸಧ್ವನಿಯಲ್ಲಿ ಅವರ ಜಾಣ್ಮೆ ಎದ್ದು ಕಾಣುತ್ತದೆ. ಶಂಕರಾಭರಣದ ಏಳು ಸ್ವರಗಳಲ್ಲಿ ಮಧ್ಯಮ ಮತ್ತು ಧೈವತವನ್ನು ಬಿಟ್ಟರೆ ಸ ರಿ ಗ ಪ ನಿ ಉಳಿಯುತ್ತವೆ. ಎರಡು ಸ್ವರ ತೆಗೆದ ಕೂಡಲೇ ಶಂಕರಾಭರಣದ ಗಾಂಭೀರ್ಯ ಹಗುರಾಗಿ, ಬೆಳಗಿನ ಬಿಸಿಲಿನಂಥ ಹುರುಪು ಬರುತ್ತದೆ. ಮುಂದೆ ಈ ರಾಗ ಉತ್ತರಕ್ಕೂ ಹೋಗಿ ಹಿಂದೂಸ್ತಾನಿ ಗಾಯಕರ ಮನ ಗೆದ್ದಿತು.

ಗೋವಿಂದಪುರದಿಂದ ತಿರುವಾರೂರಿಗೆ ಬಂದು ನೆಲೆಸಿದ ರಾಮಸ್ವಾಮಿ ದೀಕ್ಷಿತರು ಅಲ್ಲಿಯ ತ್ಯಾಗರಾಜಸ್ವಾಮಿ ದೇವಸ್ಥಾನದ ಉತ್ಸವಗಳಿಗೆ ನಾದಸ್ವರ ನುಡಿಸುವ ಕ್ರಮವನ್ನು ರೂಪಿಸಿಕೊಟ್ಟರೆಂದು ಮನೆತನದ ಚರಿತ್ರೆ ಹೇಳುತ್ತದೆ. ಯಾವ ಹೊತ್ತಿಗೆ ಯಾವ ರಾಗ, ಯಾವ ಬೀದಿಯಲ್ಲಿ ಏನು ನುಡಿಸಬೇಕು ಎಂಬುದನ್ನೆಲ್ಲ ಕೂತು ಗೊತ್ತುಮಾಡುವ ತಂದೆಯ ಮನೆಯಲ್ಲಿ ಮಕ್ಕಳು ಬೆಳೆದರು. ಆ ಮನೆಯಲ್ಲಿ ಅಡುಗೆಮನೆಯ ಸದ್ದಿನ ಜೊತೆಗೇ ಶ್ರುತಿಯೂ ಕಿವಿಗೆ ಬೀಳುತ್ತಿದ್ದಿರಬೇಕು.

ಈ ಮನೆಗೆ ಕನ್ನಡದ ನಂಟೂ ಇದೆ. ರಾಮಸ್ವಾಮಿ ದೀಕ್ಷಿತರು ವೀಣೆ ಮತ್ತು ಶಾಸ್ತ್ರ ಕಲಿತದ್ದು ವೆಂಕಟವೈದ್ಯನಾಥ ದೀಕ್ಷಿತರಲ್ಲಿ. ಅವರು ‘ಚತುರ್ದಂಡೀ ಪ್ರಕಾಶಿಕೆ’ ಬರೆದ ವೆಂಕಟಮಖಿಯ ವಂಶದವರು. ಎಪ್ಪತ್ತೆರಡು ಮೇಳಗಳ ಲೆಕ್ಕ ಹಾಕಿಕೊಟ್ಟ ಆ ವೆಂಕಟಮಖಿಯ ತಂದೆ ಗೋವಿಂದ ದೀಕ್ಷಿತರು ತಂಜಾವೂರು ನಾಯಕರ ಮಂತ್ರಿ, ಕನ್ನಡ ಮೂಲದ ಮನೆತನದವರು. ವೆಂಕಟಮಖಿಗೆ ಶಾಸ್ತ್ರ ಹೇಳಿಕೊಟ್ಟದ್ದು ಸ್ವಂತ ಅಣ್ಣ ಯಜ್ಞನಾರಾಯಣ ದೀಕ್ಷಿತ. ಮುತ್ತುಸ್ವಾಮಿ ದೀಕ್ಷಿತರು ಕೊನೆಯವರೆಗೂ ಬಿಡದೆ ಪಾಲಿಸಿದ ರಾಗಪದ್ಧತಿ ಹೀಗೆ ಇನ್ನೊಂದು ಮನೆಯ ಅಣ್ಣತಮ್ಮಂದಿರಿಂದ ಇಳಿದು ಬಂದದ್ದು.

ವೈದೀಶ್ವರನ ವರಪ್ರಸಾದ

ರಾಮಸ್ವಾಮಿ ದೀಕ್ಷಿತರಿಗೆ ಬಹುಕಾಲ ಮಕ್ಕಳಿರಲಿಲ್ಲ. ದಂಪತಿ ವೈದೀಶ್ವರನ್ ಕೋಯಿಲ್‌ಗೆ ಹೋಗಿ ಮುತ್ತುಕುಮಾರಸ್ವಾಮಿಯ ಸನ್ನಿಧಿಯಲ್ಲಿ ಹರಕೆ ಹೊತ್ತರು. 1775ರಲ್ಲಿ ಹುಟ್ಟಿದ ಮಗುವಿಗೆ ಆ ದೇವರ ಹೆಸರನ್ನೇ ಇಟ್ಟರು. ಬಳಿಕ ಮಗಳು ಬಾಲಾಂಬಾಳ್. ಅವಳಿಗೂ ಅದೇ ಕ್ಷೇತ್ರದ ಅಮ್ಮನ ಹೆಸರು. 1778ರಲ್ಲಿ ಚಿನ್ನಸ್ವಾಮಿ, 1786ರಲ್ಲಿ ಬಾಲುಸ್ವಾಮಿ.

ಬಾಲಾಂಬಾಳ್ ಎಂಬಲ್ಲಿ ಒಂದು ಕ್ಷಣ ನಿಲ್ಲಬೇಕು ಎನ್ನಿಸುತ್ತದೆ. ಅದೇ ತಂದೆ, ಅದೇ ಜಗಲಿ, ಕಿವಿಗೆ ಬೀಳುತ್ತಿದ್ದದ್ದು ಅದೇ ವೀಣೆ. ಅಣ್ಣತಮ್ಮಂದಿರು ಯಾವ ಊರಿಗೆ ಹೋದರು, ಯಾರು ಏನು ಉಡುಗೊರೆ ಕೊಟ್ಟರು ಎಂಬುದನ್ನೆಲ್ಲ ಬರೆದಿಟ್ಟ ಚರಿತ್ರೆ, ಅವಳಿಗೆ ಕೊಟ್ಟದ್ದು ಒಂದು ಹೆಸರಿನಷ್ಟು ಜಾಗ. ಅವಳ ಕೊರಳು ಹೇಗಿತ್ತೆಂಬುದಕ್ಕೆ ಆ ಚರಿತ್ರೆಯಲ್ಲಿ ಒಂದು ಸಾಲೂ ಇಲ್ಲ. ಅಂಥ ಹೆಣ್ಣುಮಕ್ಕಳು ನಮ್ಮ ಸಂಗೀತದ ಮನೆಗಳಲ್ಲೆಲ್ಲ ಇದ್ದರು ಎಂಬುದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ.

ಮಣಲಿಯ ದಿನಗಳು

ಮದ್ರಾಸಿನ ಬಳಿಯ ಮಣಲಿಯಲ್ಲಿ ಮುತ್ತುಕೃಷ್ಣ ಮೊದಲಿಯಾರ್ ಎಂಬ ಶ್ರೀಮಂತ ರಸಿಕರಿದ್ದರು. ಈಸ್ಟ್ ಇಂಡಿಯಾ ಕಂಪನಿಗೆ ದುಭಾಷಿಯಾಗಿದ್ದ ಅವರು ರಾಮಸ್ವಾಮಿ ದೀಕ್ಷಿತರನ್ನು ಸಂಸಾರಸಮೇತ ತಮ್ಮಲ್ಲಿಗೆ ಕರೆಸಿಕೊಂಡರು. ಅವರ ಮಗ ವೆಂಕಟಕೃಷ್ಣ ಮೊದಲಿಯಾರ್, ಅಂದರೆ ಎಲ್ಲರ ಬಾಯಲ್ಲಿ ಚಿನ್ನಯ್ಯ ಮೊದಲಿಯಾರ್, ತಂದೆಯಷ್ಟೇ ಅಭಿಮಾನದಿಂದ ಈ ಕುಟುಂಬವನ್ನು ಪೊರೆದರು. ಒಂದೇ ಸೂರಿನಡಿ ಬೆಳೆದ ಅಣ್ಣತಮ್ಮಂದಿರ ದಾರಿಗಳು ಕವಲೊಡೆದದ್ದು ಇಲ್ಲಿ.

ಚಿದಂಬರನಾಥ ಯೋಗಿಗಳು ಮಣಲಿಗೆ ಬಂದಾಗ ಮುತ್ತುಸ್ವಾಮಿಯನ್ನು ತಮ್ಮೊಡನೆ ಕಾಶಿಗೆ ಕಳಿಸಿಕೊಡುವಂತೆ ಕೇಳಿದರು. ಹರಕೆ ಹೊತ್ತು ಪಡೆದ ಹಿರಿಮಗನನ್ನು ಬಿಟ್ಟುಕೊಡುವುದು ತಂದೆಗೆ ಸುಲಭವಾಗಿರಲಿಲ್ಲ. ಕೊನೆಗೆ ಒಪ್ಪಿದರು. ಕಾಶಿಯಲ್ಲಿ ಕಳೆದ ವರ್ಷಗಳಲ್ಲಿ ಮುತ್ತುಸ್ವಾಮಿಗೆ ಶ್ರೀವಿದ್ಯೆಯ ಉಪದೇಶವಾಯಿತು, ಉತ್ತರದ ಸಂಗೀತ ಕಿವಿದುಂಬಿತು. ಅವರ ಕೃತಿಗಳ ವಿಳಂಬ ನಡೆ, ಯಮುನಾಕಲ್ಯಾಣಿ, ದ್ವಿಜಾವಂತಿಯಂಥ ರಾಗಗಳಿಗೆ ಕೊಟ್ಟ ರೂಪ, ಇವುಗಳ ಹಿಂದೆ ಆ ಗಂಗಾತೀರದ ದಿನಗಳಿವೆ. ಗುರುಗಳು ತೀರಿಕೊಂಡ ಮೇಲೆ ಊರಿಗೆ ಮರಳಿ, ತಿರುತ್ತಣಿಯ ಸುಬ್ರಹ್ಮಣ್ಯನ ಸನ್ನಿಧಿಯಲ್ಲಿ ‘ಗುರುಗುಹ’ ಮುದ್ರೆಯೊಂದಿಗೆ ಅವರು ಕೃತಿರಚನೆ ಆರಂಭಿಸಿದರು.

ಕಿರಿಯರ ದಾರಿ ಕೋಟೆಯ ಕಡೆಗಿತ್ತು. ಚಿನ್ನಯ್ಯ ಮೊದಲಿಯಾರ್ ದೀಕ್ಷಿತರ ಮನೆಯವರನ್ನು ಸೇಂಟ್ ಜಾರ್ಜ್ ಕೋಟೆಗೆ ಕರೆದೊಯ್ದು ಅಲ್ಲಿ ಕಂಪನಿಯ ಬ್ಯಾಂಡು ಕೇಳಿಸುತ್ತಿದ್ದರು. ಮುತ್ತುಸ್ವಾಮಿ ದೀಕ್ಷಿತರು ಆ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಕೂಡಿಸಿದರು. ಇಂಗ್ಲಿಷಿನ ‘ನೋಟ್’ ಎಂಬ ಮಾತನ್ನು ಹೊತ್ತ ಅವೇ ‘ನೊಟ್ಟುಸ್ವರ’ಗಳು. ಬ್ರಿಟಿಷರ ರಾಷ್ಟ್ರಗೀತೆಯ ಮಟ್ಟಿನ ಮೇಲೆ ಅವರು ಕೂರಿಸಿದ ‘ಸಂತತಂ ಪಾಹಿಮಾಂ’ ಶ್ಯಾಮಲೆಯ ಸ್ತುತಿ. ಇಂದಿಗೂ ಸಂಜೆಯ ಪಾಠಗಳಲ್ಲಿ ಏಳೆಂಟು ವರ್ಷದ ಮಕ್ಕಳು ‘ಶಕ್ತಿಸಹಿತ ಗಣಪತಿಂ’ ಹಾಡುತ್ತಾರಲ್ಲ, ಅದೂ ಈ ಗುಂಪಿನದೇ. ಗಮಕದ ಬಳುಕಿಲ್ಲದ ನೇರ ಸ್ವರಗಳಾದ್ದರಿಂದ ಮಕ್ಕಳ ನಾಲಗೆಗೆ ಬೇಗ ಒಗ್ಗುತ್ತವೆ.

ಅಣ್ಣ ಮಟ್ಟನ್ನು ಹಿಡಿದರೆ ತಮ್ಮ ವಾದ್ಯವನ್ನೇ ಹಿಡಿದರು. ಬಾಲುಸ್ವಾಮಿಯ ಕುತೂಹಲ ಕಂಡ ಮೊದಲಿಯಾರ್, ಯುರೋಪಿಯನ್ ವಾದಕರೊಬ್ಬರಿಂದ ಪಿಟೀಲು ಪಾಠದ ಏರ್ಪಾಡು ಮಾಡಿದರು. ಮೂರು ವರ್ಷ ಆ ಪಾಠ ನಡೆಯಿತು. ಅಲ್ಲಿ ಕಲಿತದ್ದನ್ನು ಬಾಲುಸ್ವಾಮಿ ತಂದೆ ಹೇಳಿಕೊಟ್ಟ ಸಂಗೀತಕ್ಕೆ ಒಗ್ಗಿಸಿಕೊಂಡರು.

ಕಾಲಿನ ಹರಡಿನ ಮೇಲೆ ಕೂತ ವಾದ್ಯ

ಆ ಒಗ್ಗಿಸುವಿಕೆ ಎಷ್ಟು ದೊಡ್ಡ ಕೆಲಸವೆಂದು ತಿಳಿಯಲು ಪಿಟೀಲು ಕಲಿಯುವ ಮಗುವೊಂದನ್ನು ಹತ್ತಿರದಿಂದ ನೋಡಬೇಕು. ನಮ್ಮ ಬೀದಿಯ ಪಾಠದ ಮನೆಯಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ, ಬಲಗಾಲನ್ನು ಸ್ವಲ್ಪ ಮುಂದಕ್ಕೆ ಚಾಚಿ ಕೂರುತ್ತಾಳೆ. ಪಿಟೀಲಿನ ಸುರುಳಿತಲೆ ಕಾಲಿನ ಹರಡಿನ ಮೇಲೆ, ಹಿಂಬದಿ ಎಡಭುಜಕ್ಕೂ ಎದೆಗೂ ಆತುಕೊಂಡು. ವಾದ್ಯ ಎರಡೂ ತುದಿಗೆ ನೆಲೆ ಕಂಡಿದ್ದರಿಂದ ಎಡಗೈಗೆ ಅದನ್ನು ಹೊರುವ ಕೆಲಸವಿಲ್ಲ. ಅವಳ ಬೆರಳು ತಂತಿಯ ಮೇಲೆ ಗಾಂಧಾರದಿಂದ ಪಂಚಮದವರೆಗೆ ಎಣ್ಣೆಯಂತೆ ಜಾರುತ್ತದೆ. ನಿಂತು, ಗದ್ದದ ಕೆಳಗೆ ವಾದ್ಯ ಸಿಕ್ಕಿಸಿ ನುಡಿಸುವ ಪಾಶ್ಚಾತ್ಯ ಭಂಗಿಯಲ್ಲಿ ಈ ಉದ್ದದ ಜಾರು ಇಷ್ಟು ಸಲೀಸಲ್ಲ.

ತಂತಿಗಳ ಶ್ರುತಿಯೂ ಬೇರೆ. ಪಾಶ್ಚಾತ್ಯರಲ್ಲಿ ನಾಲ್ಕು ತಂತಿಗಳಿಗೆ ನಾಲ್ಕು ಗೊತ್ತಾದ ಸ್ವರಸ್ಥಾನಗಳಿವೆ. ನಮ್ಮಲ್ಲಿ ಗಾಯಕರ ಶ್ರುತಿಗೆ ತಕ್ಕಂತೆ ಸ ಪ ಸ ಪ ಎಂದು ಕೂಡಿಸುತ್ತಾರೆ. ವೀಣೆಯಲ್ಲಿರುವಂತೆ ಇದರಲ್ಲಿ ಮೆಟ್ಟುಗಳಿಲ್ಲ. ಆದ್ದರಿಂದ ಎರಡು ಸ್ವರಗಳ ನಡುವಿನ ಸಂದುಗೊಂದುಗಳೆಲ್ಲ ಬೆರಳಿಗೆ ಸಿಗುತ್ತವೆ. ಕಮಾನು ಓಡುವಷ್ಟು ಹೊತ್ತೂ ನಾದ ಕಡಿಯುವುದಿಲ್ಲ, ಮನುಷ್ಯನ ಉಸಿರಿನಂತೆ. ಹಾಡುಗಾರಿಕೆಯೇ ತಾಯಿಬೇರಾದ ಸಂಗೀತಕ್ಕೆ ಇದಕ್ಕಿಂತ ಒಪ್ಪುವ ಜೊತೆಗಾರ ಸಿಗುವುದು ಕಷ್ಟವಿತ್ತು. ಕೂರುವ ಈ ರೀತಿ, ನುಡಿಸುವ ಈ ಕ್ರಮ ದಕ್ಷಿಣದ ವಾದಕರು ತಲೆಮಾರುಗಳಲ್ಲಿ ರೂಢಿಸಿಕೊಂಡದ್ದು. ಆ ಸಾಲಿನ ಮೊದಲಿಗರಾಗಿ ಸಂಗೀತ ಚರಿತ್ರೆ ಗುರುತಿಸುವ ಹೆಸರು ಬಾಲುಸ್ವಾಮಿ ದೀಕ್ಷಿತರದು.

ಪಿಟೀಲಿನ ಹಾದಿಯಲ್ಲಿ ಸಿಗುವ ಇನ್ನೊಂದು ದೊಡ್ಡ ಹೆಸರು ವಡಿವೇಲು. ಅವರೂ ಈ ಮನೆಯ ಶಿಷ್ಯರೇ. ತಂಜಾವೂರಿನ ಚಿನ್ನಯ್ಯ, ಪೊನ್ನಯ್ಯ, ಶಿವಾನಂದಂ, ವಡಿವೇಲು ಎಂಬ ನಾಲ್ವರು ಅಣ್ಣತಮ್ಮಂದಿರು ಮುತ್ತುಸ್ವಾಮಿ ದೀಕ್ಷಿತರಲ್ಲಿ ಪಾಠ ಹೇಳಿಸಿಕೊಂಡವರು, ಇಂದಿನ ಭರತನಾಟ್ಯದ ಕಛೇರಿ ಕ್ರಮವನ್ನು ಕಟ್ಟಿಕೊಟ್ಟವರು. ವಡಿವೇಲು ತಿರುವಾಂಕೂರಿಗೆ ಹೋಗಿ ಸ್ವಾತಿ ತಿರುನಾಳ್ ಮಹಾರಾಜರಿಂದ 1834ರಲ್ಲಿ ದಂತದ ಪಿಟೀಲನ್ನು ಉಡುಗೊರೆಯಾಗಿ ಪಡೆದರು. ಹಿರಿಯ ಚಿನ್ನಯ್ಯ ಮೈಸೂರಿಗೆ, ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದರು. ಮೈಸೂರಿನ ನೃತ್ಯಪರಂಪರೆಗೆ ದೀಕ್ಷಿತರ ಮನೆಯ ಗಾಳಿ ಹೀಗೂ ಬೀಸಿತು. ಮುಂದೆ ಏಳು ತಂತಿಯ ಪಿಟೀಲು ಹಿಡಿದು ನಾಡನ್ನೇ ಬೆರಗುಗೊಳಿಸಿದ ನಮ್ಮ ತಿರುಮಕೂಡಲು ಚೌಡಯ್ಯನವರೂ ಬಾಲುಸ್ವಾಮಿ ಮೊದಲು ತುಳಿದ ದಾರಿಯಲ್ಲೇ ನಡೆದವರು.

ಅಣ್ಣ ಹೊರಟ ದಾರಿ

ನಡುವಿನವರಾದ ಚಿನ್ನಸ್ವಾಮಿ ದೀಕ್ಷಿತರೂ ಒಳ್ಳೆಯ ವಿದ್ವಾಂಸರೇ. ಅವರ ರಚನೆಗಳು ಬೆರಳೆಣಿಕೆಯಷ್ಟು. ಅಣ್ಣ ಕ್ಷೇತ್ರದಿಂದ ಕ್ಷೇತ್ರಕ್ಕೆ ಹೋಗುತ್ತ ಒಂದೊಂದು ದೇವಸ್ಥಾನದ ಎದುರೂ ಕೃತಿ ರಚಿಸುತ್ತಿದ್ದ ಕಾಲದಲ್ಲಿ ತಮ್ಮಂದಿರಿಬ್ಬರೂ ಜೊತೆಯಾಗಿ ಊರೂರಿಗೆ ಹೋಗಿ ಸಂಗೀತ ನಡೆಸುತ್ತಿದ್ದರು. 1823ರಲ್ಲಿ ಚಿನ್ನಸ್ವಾಮಿ ತೀರಿಕೊಂಡರು. ಜೊತೆಗಾರ ಅಣ್ಣನನ್ನು ಕಳೆದುಕೊಂಡ ಬಾಲುಸ್ವಾಮಿ ಇನ್ನೂ ದಕ್ಷಿಣಕ್ಕೆ ಹೋದರು. ಅಲ್ಲಿ ಎಟ್ಟಯಪುರದ ಅರಸರು ಅವರ ಪಿಟೀಲು ಕೇಳಿ ಆಸ್ಥಾನದಲ್ಲಿ ಇರಿಸಿಕೊಂಡರು.

ಹಿರಿಯಣ್ಣನಿಗೆ ಇದಾವುದೂ ತಿಳಿದಿರಲಿಲ್ಲವೆಂದು ಮನೆತನದ ಕಥೆ ಹೇಳುತ್ತದೆ. ಕಾಗದ ಕೈಸೇರಲು ತಿಂಗಳು ಹಿಡಿಯುತ್ತಿದ್ದ ಕಾಲ ಅದು. ತಮ್ಮಂದಿರ ಸುದ್ದಿಯಿಲ್ಲದೆ ಕಂಗೆಟ್ಟ ಮುತ್ತುಸ್ವಾಮಿ ದೀಕ್ಷಿತರು ಹುಡುಕಿಕೊಂಡು ಮಧುರೆಗೆ ಹೊರಟರು. ಒಬ್ಬ ತಮ್ಮ ಇನ್ನಿಲ್ಲವೆಂದೂ ಇನ್ನೊಬ್ಬ ಎಟ್ಟಯಪುರದಲ್ಲಿರುವನೆಂದೂ ಅಲ್ಲಿ ತಿಳಿಯಿತು. ಅಲ್ಲಿಂದ ಮುಂದಕ್ಕೆ ಹೊರಟ ಅವರಿಗೆ ಬಾಲುಸ್ವಾಮಿಯ ಮದುವೆಗೆ ಅರಸರೇ ಏರ್ಪಾಡು ಮಾಡಿದ ಸುದ್ದಿ ದಾರಿಯಲ್ಲಿ ಕಿವಿಗೆ ಬಿತ್ತು. ಸಾವಿನ ಸುದ್ದಿ ಹೊತ್ತ ಅಣ್ಣ ಮದುವೆಯ ಮನೆಯ ಕಡೆ ಹೆಜ್ಜೆ ಹಾಕಿದ ಆ ಹಾದಿಯನ್ನು ಕಣ್ಣ ಮುಂದೆ ತಂದುಕೊಂಡಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

ಎಟ್ಟಯಪುರದ ಸುತ್ತಲಿನದು ಕರಿಮಣ್ಣಿನ ನೆಲ, ನಮ್ಮ ಗದಗ ಸೀಮೆಯ ಎರೆಹೊಲದಂಥದು. ಮಳೆ ತಪ್ಪಿದರೆ ಅಂಗೈಯಗಲ ಬಿರುಕು ಬಿಡುತ್ತದೆ. ಆ ದಾರಿಯಲ್ಲಿ ಬರ ಕಂಡು ಮರುಗಿದ ದೀಕ್ಷಿತರು ಅಮೃತವರ್ಷಿಣಿ ರಾಗದಲ್ಲಿ ‘ಆನಂದಾಮೃತಾಕರ್ಷಿಣಿ’ ಹಾಡಿದರೆಂದೂ ಮಳೆ ಧೋ ಎಂದು ಸುರಿಯಿತೆಂದೂ ಪ್ರತೀತಿಯಿದೆ. ಮಳೆಯ ಪವಾಡವನ್ನು ನಂಬುವವರು ನಂಬಲಿ. ನನ್ನನ್ನು ಹಿಡಿದು ನಿಲ್ಲಿಸುವುದು ಆ ಕೃತಿ ಹುಟ್ಟಿದ ಸಂದರ್ಭ. ತೀರ್ಥಯಾತ್ರೆಗೂ ರಾಜಸನ್ಮಾನಕ್ಕೂ ಹೊರಟವರಲ್ಲ ಅವರು. ಉಳಿದ ಒಬ್ಬ ತಮ್ಮನ ಮುಖ ನೋಡಲು ನಡೆದಿದ್ದರು.

ಮುತ್ತುಸ್ವಾಮಿ ದೀಕ್ಷಿತರ ಕೊನೆಯ ದಿನಗಳೂ ತಮ್ಮನ ಊರಾದ ಎಟ್ಟಯಪುರದಲ್ಲೇ ಕಳೆದವು. 1835ರ ನರಕ ಚತುರ್ದಶಿಯಂದು, ಶಿಷ್ಯರು ‘ಮೀನಾಕ್ಷಿ ಮೇ ಮುದಂ’ ಹಾಡುತ್ತಿರುವಾಗ ಅವರು ಪ್ರಾಣ ಬಿಟ್ಟರೆನ್ನುತ್ತಾರೆ. ಅವರ ಸಮಾಧಿ ಇಂದಿಗೂ ಅಲ್ಲಿದೆ. ಹುಟ್ಟಿದ ತಿರುವಾರೂರಿನಿಂದ ಅಷ್ಟು ದೂರದಲ್ಲಿ ಅವರ ಸಮಾಧಿ ಏಕಿದೆಯೆಂದು ಕೇಳುವವರಿಗೆ ಉತ್ತರ ಸರಳ: ತಮ್ಮ ಅಲ್ಲಿದ್ದರು.

ಮಗಳ ಮಗ ಬರೆದಿಟ್ಟ ಗಂಟು

ಅಣ್ಣ ಹೋದ ಮೇಲೂ ಬಾಲುಸ್ವಾಮಿ ಎರಡು ದಶಕಕ್ಕೂ ಹೆಚ್ಚು ಕಾಲ ಬದುಕಿದ್ದರು. ಅವರಿಗೆ ಗಂಡುಮಕ್ಕಳಿರಲಿಲ್ಲ. 1839ರಲ್ಲಿ ಹುಟ್ಟಿದ ಮಗಳ ಮಗನನ್ನು ದತ್ತು ತೆಗೆದುಕೊಂಡು, ತಾವೇ ಕೂತು ಪಾಠ ಹೇಳಿದರು. ಆ ಹುಡುಗನೇ ಸುಬ್ಬರಾಮ ದೀಕ್ಷಿತರು. ದೊಡ್ಡಜ್ಜ ಮುತ್ತುಸ್ವಾಮಿಯನ್ನು ಅವರು ಕಣ್ಣಾರೆ ಕಂಡವರಲ್ಲ. ದೊಡ್ಡಜ್ಜನ ಕೃತಿಗಳು ಅವರಿಗೆ ಸಿಕ್ಕಿದ್ದು ಅಜ್ಜನ ಬಾಯಿಂದ, ಅಜ್ಜನ ಬೆರಳಿಂದ. ವಂಶದ ಎಳೆ ಗಂಡುಮಕ್ಕಳಲ್ಲಿ ಕಡಿಯುವ ಹೊತ್ತಿಗೆ ಅದನ್ನು ಹಿಡಿದದ್ದು ಮಗಳ ಮಡಿಲು.

ಎಟ್ಟಯಪುರದ ಆಸ್ಥಾನ ವಿದ್ವಾಂಸರಾದ ಸುಬ್ಬರಾಮ ದೀಕ್ಷಿತರ ಬಳಿ ಆ ಕಾಲದಲ್ಲಿ ಇನ್ನೆಲ್ಲೂ ಸಿಗದ ಭಂಡಾರವಿತ್ತು. ಮದ್ರಾಸಿನ ಚಿನ್ನಸ್ವಾಮಿ ಮೊದಲಿಯಾರ್ ಎಂಬ ಕ್ರೈಸ್ತ ವಿದ್ವಾಂಸರು ನಮ್ಮ ಸಂಗೀತವನ್ನು ಪಾಶ್ಚಾತ್ಯ ಸ್ವರಲಿಪಿಯಲ್ಲಿ ಅಚ್ಚುಹಾಕಿಸುವ ಕೆಲಸಕ್ಕೆ ತಮ್ಮ ಆಸ್ತಿ, ಆರೋಗ್ಯ ಎರಡನ್ನೂ ಸವೆಸುತ್ತಿದ್ದರು. ಈ ಭಂಡಾರ ಒಂದು ಮನೆಯಲ್ಲೇ ಮುಗಿದುಹೋಗಬಾರದು ಎಂದು ಅವರು ಪಟ್ಟುಹಿಡಿದರು. ಕಣ್ಣು ಮಂಜಾಗಿದ್ದರೂ ಎಟ್ಟಯಪುರಕ್ಕೇ ಹೋಗಿ ಅರಸರಲ್ಲಿ ಕೇಳಿಕೊಂಡರು. ಮನೆಯ ಗುಟ್ಟಿನಂತೆ ಕಾಪಾಡಿಕೊಂಡು ಬಂದದ್ದನ್ನು ಲೋಕದ ಮುಂದೆ ಹರವಲು ಸುಬ್ಬರಾಮರಿಗೆ ಅಳುಕಿತ್ತು. ಕೊನೆಗೆ ಅರಸರ ಮಾತಿಗೆ ಒಪ್ಪಿ ಲೇಖನಿ ಹಿಡಿದರು.

1904ರಲ್ಲಿ ಎಟ್ಟಯಪುರದ ವಿದ್ಯಾವಿಲಾಸಿನಿ ಮುದ್ರಣಾಲಯದಿಂದ ತೆಲುಗು ಲಿಪಿಯಲ್ಲಿ ಹೊರಬಂದ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಗೆ ಸುಮಾರು 1,700 ಪುಟ. ಮುತ್ತುಸ್ವಾಮಿ ದೀಕ್ಷಿತರ 229 ಕೃತಿಗಳು ಅದರಲ್ಲಿವೆ. ಎಪ್ಪತ್ತೆರಡು ಮೇಳಗಳ ಲಕ್ಷಣ, ಗೀತೆ, ತಾನ, ವರ್ಣಗಳಿವೆ. ಸಂಗೀತಗಾರರ ಜೀವನ ಚರಿತ್ರೆಗಳಿವೆ. ದೀಕ್ಷಿತರ ಮನೆಯ ಕಥೆಗೆ ಮುಖ್ಯ ಆಧಾರವೂ ಅದೇ. ಆ ಪುಸ್ತಕದ ಒಂದು ಪುಟ ತೆರೆದರೆ ಸ್ವರಾಕ್ಷರಗಳ ನೆತ್ತಿಯ ಮೇಲೆ ಪುಟ್ಟ ಪುಟ್ಟ ಚಿಹ್ನೆಗಳು ಕಾಣುತ್ತವೆ: ಇಲ್ಲಿ ಸ್ವರ ಕಂಪಿಸಬೇಕು, ಇಲ್ಲಿ ಜಾರಬೇಕು, ಇಲ್ಲಿ ಹೊಡೆತ ಬೀಳಬೇಕು. ಅಜ್ಜನ ಬೆರಳು ಎಲ್ಲಿ ನಡುಗಿತ್ತೋ ಅಲ್ಲಿ ಮೊಮ್ಮಗ ಒಂದು ಗೆರೆ ಎಳೆದಿದ್ದಾನೆ. ಅಚ್ಚುಮೊಳೆಗಳಲ್ಲಿ ಇಷ್ಟು ಸೂಕ್ಷ್ಮವನ್ನು ಹಿಡಿಯಲು ಪಟ್ಟ ಪಾಡನ್ನು ಊಹಿಸಿದರೆ ಕೈಮುಗಿಯಬೇಕೆನ್ನಿಸುತ್ತದೆ. ಪುಸ್ತಕ ಬಂದ ಎರಡು ವರ್ಷಕ್ಕೆ, 1906ರಲ್ಲಿ, ಸುಬ್ಬರಾಮ ದೀಕ್ಷಿತರು ತೀರಿಕೊಂಡರು.

ಅವರ ಮಗ ಅಂಬಿ ದೀಕ್ಷಿತರು ಮದ್ರಾಸಿಗೆ ಬಂದು ದೀಕ್ಷಿತರ ಕೃತಿಗಳನ್ನು ಹೊಸ ತಲೆಮಾರಿಗೆ ಕಲಿಸಿದರು. ಅವರಲ್ಲಿ ಕಲಿತವರಲ್ಲೊಬ್ಬರು ಡಿ.ಕೆ. ಪಟ್ಟಮ್ಮಾಳ್. ಮರ್ಯಾದಸ್ಥ ಮನೆತನಗಳ ಹೆಣ್ಣುಮಕ್ಕಳು ಸಭೆಯಲ್ಲಿ ಕೂತು ಹಾಡಬಾರದೆಂಬ ಕಟ್ಟನ್ನು ಮುರಿದು ವೇದಿಕೆ ಏರಿದ ಪಟ್ಟಮ್ಮಾಳರ ಕೊರಳಲ್ಲಿ, ಧ್ವನಿಮುದ್ರಿಕೆಗಳಲ್ಲಿ ದೀಕ್ಷಿತರು ಮನೆಮನೆಗೆ ತಲುಪಿದರು. ಬಾಲಾಂಬಾಳ್ ಎಂಬ ಹೆಸರಿನ ಮುಂದೆ ಚರಿತ್ರೆ ಖಾಲಿ ಬಿಟ್ಟ ಜಾಗ ಅದರಿಂದ ತುಂಬಲಿಲ್ಲ. ಆದರೆ ಅವಳ ಅಣ್ಣನ ಹಾಡು ಲೋಕಕ್ಕೆ ಕೇಳಿಸಿದ್ದು ಒಂದು ಹೆಣ್ಣಿನ ದನಿಯಲ್ಲಿ ಎಂಬುದು ನನಗೆ ಸಮಾಧಾನ ಕೊಡುತ್ತದೆ.

ಮತ್ತೆ ಹಂಸಧ್ವನಿಗೆ

‘ವಾತಾಪಿ’ ಎಂದರೆ ನಮ್ಮ ಬಾದಾಮಿ. ಚಾಲುಕ್ಯರ ಆ ರಾಜಧಾನಿಯನ್ನು ಗೆದ್ದ ಪಲ್ಲವರ ದಂಡನಾಯಕ ಗಣಪತಿಯ ವಿಗ್ರಹವನ್ನು ತಮಿಳುನಾಡಿಗೆ ಒಯ್ದನೆಂಬ ಪ್ರತೀತಿಯಿಂದ ಆ ಹೆಸರು ಬಂತೆನ್ನುತ್ತಾರೆ. ಕನ್ನಡಿಗರು ಆ ಕೃತಿಯನ್ನು ನಮ್ಮದೆಂದುಕೊಳ್ಳಲು ಅದೊಂದೇ ಕಾರಣ ಸಾಕು. ಅದರ ಜೊತೆಗೆ ಇನ್ನೊಂದನ್ನೂ ಮಕ್ಕಳಿಗೆ ಹೇಳಿಕೊಡೋಣ ಎಂಬುದು ನನ್ನ ಕೋರಿಕೆ. ರಾಗ, ತಾಳ, ಕರ್ತೃ ಎಂದು ನೋಟ್‌ಪುಸ್ತಕದಲ್ಲಿ ಬರೆಸುವಾಗ ‘ಹಂಸಧ್ವನಿ’ಯ ಮುಂದೆ ತಂದೆಯ ಹೆಸರನ್ನೂ ಬರೆಸೋಣ. ಪಿಟೀಲು ಹಿಡಿದ ಮಗುವಿಗೆ ಬಾಲುಸ್ವಾಮಿಯ ಕಥೆ ಹೇಳೋಣ.

ಮೊನ್ನೆ ಪಾಠದ ಮನೆಯಲ್ಲಿ ದೊಡ್ಡ ಹುಡುಗನೊಬ್ಬ ಹಂಸಧ್ವನಿಯ ಆ ಕೃತಿಯನ್ನು ಹಾಡುತ್ತಿದ್ದ. ಚಾಪೆಯ ಮೇಲಿನ ಆ ಹುಡುಗಿ ಪಿಟೀಲಿನಲ್ಲಿ ಜೊತೆ ಕೊಡುತ್ತಿದ್ದಳು. ಅವನು ಒಂದು ಸಂಗತಿ ಹಾಡಿ ನಿಲ್ಲಿಸಿದ. ಅವಳು ಕಣ್ಣು ಮುಚ್ಚಿ, ಒಂದು ಗಳಿಗೆ ತಡೆದು, ಅದನ್ನೇ ಮರಳಿ ನುಡಿಸಿದಳು. ಅಣ್ಣ ಕರೆದದ್ದಕ್ಕೆ ತಮ್ಮ ಓಗೊಟ್ಟಂತೆ ಕೇಳಿಸಿತು.